ಮಡಿಲಿನಿಂದ ಇಳಿದ ಮಗು



ಐಗುಪ್ತ ದೇಶದೊಳಗೆ ಇಬ್ರಿಯರ ಒಂದು ಮನೆಯಲ್ಲಿ ಗಂಡು ಕೂಸು ಹುಟ್ಟಿದ ಕಥೆಯು ನಿಮ್ಮೆಲ್ಲರಿಗೂ ಗೊತ್ತದೆ. ತಾಯಿಯು ಅರಸನ ಕ್ರೂರವಾದ ಅಪ್ಪಣೆಗೆ ಹೆದರಿ ಆ ಕೂಸನ್ನು ಮೂರು ತಿಂಗಳು ಬಚ್ಚಿಟ್ಟಳು. ಮುಂದೆ ಬಚ್ಚಿಡಲಾರದೆ ಪೆಟ್ಟಿಗೆಯೊಳಗೆ ಮಲಗಿಸಿ ಹೊಳೆಯ ದಡದ ಹುಲ್ಲಿನಲ್ಲಿಟ್ಟಳು. ಕೂಸಿನ ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಈ ಕಥೆಯನ್ನು ಕೇಳುವಾಗ ನಮ್ಮೆಲ್ಲರ ಕಣ್ಣು ಆ ಪೆಟ್ಟಿಗೆಯ ಮೇಲೆಯೇ ಇರುವದು. ಆದರೆ ಆ ಮನೆಯಲ್ಲಿ ಇನ್ನೊಂದು ಮಗು ಇತ್ತೆಂಬದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಸಿದ್ದೇವೆ? ಮೋಶೆಯು ೮೦ ವರುಷದವನಾಗಿದ್ದಾಗ ಅವನ ಅಣ್ಣನಾದ ಆರೋನನು ೮೩ ವರುಷದವನಾಗಿದ್ದನೆಂದು ವಿಮೋಚನಕಾಂಡದ ೭ನೇ ಅಧ್ಯಾಯದಿಂದ ತಿಳಿಯುತ್ತದೆ. ನೀವೇ ಲೆಕ್ಕಮಾಡಿರಿ. ತಮ್ಮನು ಪೆಟ್ಟಿಗೆಯಲ್ಲಿ ಮಲಗಿದ್ದ ದಿವಸ ಆರೋನನು ಮೂರು ವರುಷದ ಹುಡುಗನು. ಅವನು ಆ ಹೊತ್ತು ಎಲ್ಲಿದ್ದನು? ಏನು ತಿಂದನು? ಯಾರ ಸೆರಗನ್ನು ಹಿಡಿದು ನಿಂತಿದ್ದನು? ಇವು ಒಂದೂ ನಮಗೆ ತಿಳಿಯದು.

ಹೊಸ ಕೂಸು ಬಂದ ಮನೆಯಲ್ಲಿ ಅದಕ್ಕಿಂತ ದೊಡ್ಡದಾದ ಸಣ್ಣ ಮಗುವಿನ ಗತಿಯು ಸಾಮಾನ್ಯವಾಗಿ ಹೀಗೆಯೇ. ಅದು ಎಲ್ಲಿರುವದೆಂದು ಯಾರೂ ಕೇಳುವದಿಲ್ಲ. ಈ ತಿಂಗಳಿನ ನಮ್ಮ ಪಾಠವು ಆ ಮಗುವಿನ ವಿಷಯವಾದದ್ದು.

೧. ಒಂದು ಮನೆಯ ಸಂಗತಿ

ಧಾರವಾಡದ ಕಡೆಯ ಯಾವದಾದರೊಂದು ಹಳ್ಳಿಯಲ್ಲಿ ಕಾಣುವಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ತಂದೆಯು ಬೇರೆಯವರ ಹೊಲದಲ್ಲಿ ಕೂಲಿಮಾಡುವವನು. ಹಿರೀ ಮಗಳಿಗೆ ಏಳು ವರುಷ, ಶಾಲೆಗೆ ಹೋಗುತ್ತಾಳೆ. ಮಗನಿಗೆ ಎರಡು ವರುಷ ತುಂಬಲು ಎರಡು ತಿಂಗಳು ಉಳಿದದೆ. ಮೊನ್ನೆ ಮೊನ್ನೆಯ ವರೆಗೆ ಅವನು ಅವ್ವನ ಮಗ್ಗುಲಲ್ಲಿ ಮಲಗಿ ಅವಳ ಹಾಲನ್ನೇ ಕುಡಿಯುತ್ತಿದ್ದನು. ಒಂದು ದಿವಸ ಅವ್ವ ಮೊಲೆಗೆ ಬೇವಿನ ರಸ ಹಚ್ಚಿಕೊಂಡಳು. ಆಮೇಲೆ ಹೆರಿಗೆಗಾಗಿ ತವರುಮನೆಗೆ ಹೋದಳು. ಹುಡುಗನು ಇಲ್ಲಿ ಅಜ್ಜಿಯ ಹತ್ತಿರ ಉಳಿದನು. ಮೂರು ತಿಂಗಳಾದ ಮೇಲೆ ಅವ್ವ ತಿರಿಗಿ ಬಂದಳು. ಆದರೆ ಅವಳ ಮಡಿಲಲ್ಲಿ ಬೇರೊಂದು ಕೂಸು ಇತ್ತು.

ನೆರೆಹೊರೆಯವರು ಬಂದರು. ಒಬ್ಬಾಕೆ ಕುಲಾವಿ ತಂದಳು, ಇನ್ನೊಬ್ಬಾಕೆ ಬಾಣಂತಿಗೆಂದು ಅಂಟಿನ ಉಂಡಿ ತಂದಳು. ಎಲ್ಲರೂ ತೊಟ್ಟಿಲಿನೊಳಗೆ ಬೊಗ್ಗಿ ನೋಡಿದರು. ಹುಡುಗನು ತೊಟ್ಟಿಲಿನ ಹಗ್ಗವನ್ನು ಮುಟ್ಟಿದಾಗ, ದೂರ ಹೋಗು, ಕೂಸು ಏಳುತ್ತದೆ, ಎಂದು ಗದರಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬನು ನಗುತ್ತಾ, ಇನ್ನು ನಿನ್ನ ಅವ್ವ ನಿನಗಿಲ್ಲ, ನಿನ್ನನ್ನು ತಿಪ್ಪೆಯಿಂದ ಎತ್ತಿತಂದದ್ದು, ಎಂದನು. ಕೂಡಿದವರೆಲ್ಲಾ ನಕ್ಕರು, ಹುಡುಗನು ನಗಲಿಲ್ಲ.

ಆ ರಾತ್ರಿ ಅವನು ಹಾಸಿಗೆಯನ್ನು ಒದ್ದೆಮಾಡಿದನು. ಮರುದಿನ ಕೂಸಿನ ಕಾಲನ್ನು ಚಿವುಟಿದನು, ಏಟು ತಿಂದನು. ಬರಬರುತ್ತಾ ಊಟಕ್ಕೆ ಕರೆದರೆ ಬರುವದಿಲ್ಲ. ಚಹದಲ್ಲಿ ಅದ್ದಿದ ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತುಕೊಳ್ಳುತ್ತಾನೆ. ಹುಡುಗನಿಗೆ ಹಟ ಹೆಚ್ಚಾಯಿತೆಂದು ತಂದೆಯು ಅನ್ನುತ್ತಾನೆ. ದೃಷ್ಟಿ ತಾಕಿತೆಂದು ಅಜ್ಜಿ ಅನ್ನುತ್ತಾಳೆ. ಹಿರೀ ಮಗಳು ಕೂಸನ್ನು ಟೊಂಕದ ಮೇಲೆ ಎತ್ತಿಕೊಂಡು ಬಾಗಲಲ್ಲಿ ನಿಂತಿರುತ್ತಾಳೆ. ಶಾಲೆಯಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಾ ಅದೆ.

ಈ ಮನೆಯಲ್ಲಿ ದುಷ್ಟರು ಯಾರೂ ಇಲ್ಲವೆಂಬದನ್ನು ಗಮನಿಸಿರಿ. ತಾಯಿಯು ಪ್ರೀತಿಯುಳ್ಳವಳು, ತಂದೆಯು ದುಡಿಯುವವನು, ಅಜ್ಜಿಯು ಕನಿಕರವುಳ್ಳವಳು. ಆದಾಗ್ಯೂ ಒಂದು ಮಗು ಎಲ್ಲರ ಕಣ್ಣೆದುರಿನಲ್ಲಿಯೇ ಬಾಡುತ್ತದೆ.

೨. ದೂರದೇಶದ ತಾಯಂದಿರು ಕೊಟ್ಟ ಹೆಸರು

ಇಂಥಾ ಮಗುವಿನ ಬೇನೆಗೆ ಹೆಸರು ಕೊಟ್ಟವರು ಆಫ್ರಿಕ ಖಂಡದ ಪಶ್ಚಿಮ ಕರಾವಳಿಯಲ್ಲಿರುವ ಗಾ ಎಂಬ ಜನಾಂಗದವರು. ೧೮೩೪ನೇ ಇಸವಿಯಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಅದಕ್ಕಿಂತ ಮುಂಚೆ ೧೮೨೮ರಲ್ಲಿಯೇ ಆ ಕರಾವಳಿಗೆ ಹೋಗಿದ್ದರು. ಆದದರಿಂದ ಆ ಸೀಮೆಯು ನಮ್ಮ ಸಭೆಗಳಿಗೆ ತೀರ ಅಪರಿಚಿತವಾದದ್ದಲ್ಲ. ಆಗ ಗೋಲ್ಡ್ ಕೋಸ್ಟ್ ಎಂದು ಕರೆಯಲ್ಪಡುತ್ತಿದ್ದ ಆ ದೇಶಕ್ಕೆ ೧೯೫೭ರಿಂದ ಘಾನಾ ಎಂದು ಹೆಸರು.

ಜಮೈಕದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಅಲ್ಲಿಯ ಮಕ್ಕಳಿಗೆ ಔಷಧೋಪಚಾರ ಮಾಡುತ್ತಿದ್ದಾಗ ಒಂದು ವಿಚಿತ್ರವಾದ ರೋಗವನ್ನು ಕಂಡಳು. ಅದು ಎದೆಹಾಲು ಬಿಟ್ಟ ಸಣ್ಣ ಮಕ್ಕಳಲ್ಲಿ ಕಾಣಿಸುತ್ತಿತ್ತು. ಕೈಕಾಲುಗಳು ಊದಿಕೊಳ್ಳುವವು, ಚರ್ಮವು ಸುಲಿಯುವದು, ಮಗುವು ಯಾವಾಗಲೂ ಗೊಣಗುತ್ತಾ ಯಾವದರಲ್ಲಿಯೂ ಮನಸ್ಸಿಡದೆ ಬಿದ್ದಿರುವದು. ಎಷ್ಟೋ ಮಕ್ಕಳು ಸಾಯುವವು. ಇವುಗಳಿಗೆ ತಾಯಿಹಾಲಿನ ಬದಲಾಗಿ ಸಿಗುತ್ತಿದ್ದದ್ದು ಹೆಚ್ಚಾಗಿ ಮೆಕ್ಕೆಜೋಳದ ಗಂಜಿಯೇ. ಆಕೆಯು ೧೯೩೩ರಲ್ಲಿ ಈ ರೋಗವನ್ನು ವಿವರಿಸಿ ಬರೆದಳು. ೧೯೩೫ರಲ್ಲಿ ಅದಕ್ಕೆ ಆ ಊರಿನ ತಾಯಂದಿರ ಮಾತನ್ನೇ ಹೆಸರಾಗಿ ಇಟ್ಟಳು. ಕ್ವಾಷಿಯೋರ್ಕರ್ ಎಂಬದೇ ಆ ಮಾತು. ಅದರ ಅರ್ಥವೇನಂದರೆ, ಮುಂದಿನ ಕೂಸು ಹುಟ್ಟಿದಾಗ ತನ್ನ ಸ್ಥಾನದಿಂದ ತಳ್ಳಲ್ಪಟ್ಟ ಮಗುವಿಗೆ ಬರುವ ಬೇನೆ.

ಲೋಕದ ವೈದ್ಯರೆಲ್ಲರೂ ಈ ಹೊತ್ತಿಗೂ ಇದೇ ಹೆಸರನ್ನು ಉಪಯೋಗಿಸುತ್ತಾರೆ. ವೈದ್ಯರು ಕಾಣುವದಕ್ಕಿಂತ ಮುಂಚೆ ಆ ತಾಯಂದಿರು ಕಂಡಿದ್ದದ್ದು ಏನು? ರೋಗದ ಬೇರು ಮಗುವಿನ ಮೈಯಲ್ಲಿ ಮಾತ್ರವಲ್ಲ, ಮನೆಯಲ್ಲಿ ಅದು ಕಳಕೊಂಡ ಸ್ಥಾನದಲ್ಲಿಯೂ ಅದೆಯೆಂಬದನ್ನೇ. ಮಡಿಲನ್ನು ಕಳಕೊಂಡಾಗ ಹಾಲೂ ಹೋಯಿತು, ಮಗ್ಗುಲೂ ಹೋಯಿತು, ಕೈಯಿಂದ ತುತ್ತು ತಿನ್ನಿಸುವವರೂ ಹೋದರು. ನಮ್ಮ ಕಡೆಯಲ್ಲಿ ಊದಿಕೊಳ್ಳುವ ಮಕ್ಕಳಿಗಿಂತ ಒಣಗಿಹೋಗುವ ಮಕ್ಕಳೇ ಹೆಚ್ಚು. ಆದರೆ ಎರಡಕ್ಕೂ ದಾರಿ ಬಹಳಮಟ್ಟಿಗೆ ಒಂದೇ. ಬಾಲಗ್ರಹವೆಂದು ತಾಯತ ಕಟ್ಟಿಸುವವರು ಮೊದಲು ಆ ಮಗುವಿನ ತಟ್ಟೆಯನ್ನು ನೋಡಲಿ.

೩. ಹೊಟ್ಟೆಯ ವಿಷಯ

ಮೊದಲು ಹೊಸ ಕೂಸಿಗೆ ಏನು ಬೇಕೆಂದು ಹೇಳೋಣ. ಹುಟ್ಟಿದ ಒಂದು ತಾಸಿನೊಳಗೆ ಅದಕ್ಕೆ ತಾಯಿಯ ಹಾಲನ್ನು ಕುಡಿಸಬೇಕು. ಮೊದಲು ಬರುವ ಹಳದಿ ಬಣ್ಣದ ಗಟ್ಟಿಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಇದ್ದಾರೆ. ಹಾಗೆ ಮಾಡತಕ್ಕದ್ದಲ್ಲ, ಯಾಕಂದರೆ ರೋಗಗಳಿಗೆ ವಿರೋಧವಾದ ಮೊದಲನೆಯ ಕಾವಲು ಅದರಲ್ಲಿಯೇ ಅದೆ. ಆರು ತಿಂಗಳಿನ ವರೆಗೆ ತಾಯಿಯ ಹಾಲು ಸಾಕು. ಜೇನು, ಹರಳೆಣ್ಣೆ, ಸಕ್ಕರೆನೀರು, ಹಸುವಿನ ಹಾಲು, ಬರೇ ನೀರು ಸಹ ಬೇಡ. ವಿಶೇಷವಾಗಿ ಜೇನನ್ನು ಒಂದು ವರುಷ ತುಂಬುವ ತನಕ ನಾಲಿಗೆಗೆ ಮುಟ್ಟಿಸಬಾರದು. ಬಾಣಂತಿಯು ನೀರು ಕುಡಿಯಬಾರದು, ಸೊಪ್ಪು ತಿನ್ನಬಾರದು ಎಂಬ ಪಥ್ಯವು ತಾಯಿಯನ್ನು ಸೊರಗಿಸುತ್ತದೆ. ಅವಳು ಬಾಯಾರಿದಾಗೆಲ್ಲಾ ಕುಡಿಯಲಿ, ದಿನಕ್ಕೆ ಒಂದು ಊಟ ಹೆಚ್ಚಾಗಿಯೇ ಉಣ್ಣಲಿ.

ಇನ್ನು ಇಳಿದ ಮಗುವಿನ ಮಾತು. ಎರಡು ವರುಷದ ವರೆಗೂ, ಅದರ ಮೇಲೆಯೂ, ತಾಯಿಯ ಹಾಲು ಮಗುವಿಗೆ ಹಿತವಾದದ್ದು. ಬಸುರಾದ ಕೂಡಲೆ ಹಾಲು ವಿಷವಾಗುವದೆಂಬ ಮಾತು ಸುಳ್ಳು. ಹಿಂದೆ ದಿನ ತುಂಬದೆ ಹೆತ್ತವಳೂ ರಕ್ತಸ್ರಾವವಾಗುವವಳೂ ವೈದ್ಯರನ್ನು ಕೇಳಿ ನಡೆಯಲಿ. ಉಳಿದವರು ಬಿಡಿಸಬೇಕಾದರೆ ಒಂದೇ ದಿವಸ ಬೇವು ಹಚ್ಚಿ ಬಿಡಿಸದೆ, ಒಂದೊಂದು ಹೊತ್ತನ್ನು ಕಡಿಮೆಮಾಡುತ್ತಾ ವಾರಗಟ್ಟಲೆ ಮೆಲ್ಲಗೆ ಬಿಡಿಸಲಿ. ಹೆರಿಗೆಯಾದ ಮೇಲೆ ಇಬ್ಬರಿಗೂ ಕುಡಿಸುವ ತಾಯಂದಿರು ಉಂಟು, ಅದರಿಂದ ಕೇಡಿಲ್ಲ. ಹೊಸ ಕೂಸಿಗೆ ಮೊದಲು ಕುಡಿಸಬೇಕೆಂಬದೊಂದೇ ನಿಯಮ.

ಹಾಲು ಕಡಿಮೆಯಾದ ಮೇಲೆ ಆ ಜಾಗವನ್ನು ಅಂಬಲಿಯಿಂದಲೂ ಚಹದಿಂದಲೂ ತುಂಬಿಸಲಾಗದು. ಮಗುವಿನ ಹೊಟ್ಟೆ ಸಣ್ಣದು. ಆದದರಿಂದ ದಿನಕ್ಕೆ ಐದು ಸಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ರೊಟ್ಟಿಯನ್ನು ಮುರಿದು ಗಟ್ಟಿಬೇಳೆಯಲ್ಲಿ ನೆನಸಿರಿ, ಮೇಲೆ ಒಂದು ಚಮಚ ಎಣ್ಣೆಯನ್ನಾಗಲಿ ಬೆಣ್ಣೆಯನ್ನಾಗಲಿ ಹಾಕಿರಿ. ಶೇಂಗಾವನ್ನು ಹುರಿದು ನುಣ್ಣಗೆ ಕುಟ್ಟಿ ಕಲಸಿರಿ. ಇಡೀ ಕಾಳನ್ನು ಕೊಡಬೇಡಿರಿ, ಗಂಟಲಲ್ಲಿ ಸಿಕ್ಕುವದು. ತತ್ತಿ, ಹಾಲು, ಸೊಪ್ಪು, ಬಾಳೆಹಣ್ಣು, ಇವುಗಳಲ್ಲಿ ಮನೆಗೆ ದೊರಕುವದನ್ನು ಕೊಡಿರಿ. ಮತ್ತು ಒಂದು ಸಣ್ಣ ಸಂಗತಿಯನ್ನು ಮರೆಯಬೇಡಿರಿ: ಆ ಮಗುವಿಗೆ ತನ್ನದೇ ಆದ ತಟ್ಟೆಯಿರಲಿ. ಎಲ್ಲರೂ ಒಂದೇ ಪಾತ್ರೆಯಲ್ಲಿ ಉಣ್ಣುವಾಗ ಎರಡು ವರುಷದವನು ಎಷ್ಟು ತಿಂದನೆಂದು ಯಾರಿಗೂ ತಿಳಿಯದು. ತಟ್ಟೆಯಾದರೋ ಸುಳ್ಳು ಹೇಳದು.

ಅಂಗನವಾಡಿಗೆ ಕಳುಹಿಸುವದನ್ನು ನಿಲ್ಲಿಸಬೇಡಿರಿ. ಈ ಏರ್ಪಾಡು ನಮ್ಮ ನಾಡಿನಲ್ಲಿ ೧೯೭೫ನೇ ಇಸವಿ ಅಕ್ತೋಬರ ೨ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಪ್ರಾರಂಭವಾಯಿತು. ಆರು ತಿಂಗಳಿನಿಂದ ಆರು ವರುಷದ ವರೆಗಿನ ಮಕ್ಕಳಿಗೂ ಬಸುರಿಯರಿಗೂ ಬಾಣಂತಿಯರಿಗೂ ಅಲ್ಲಿ ಆಹಾರ ಉಂಟು. ಅಲ್ಲಿಯ ಕಾರ್ಯಕರ್ತೆಯು ಮಗುವನ್ನು ತೂಗುವಳು, ತೋಳನ್ನು ಪಟ್ಟಿಯಿಂದ ಅಳೆಯುವಳು. ಆರು ತಿಂಗಳು ತುಂಬಿದ, ಐದು ವರುಷದೊಳಗಿನ ಮಗುವಿನ ಎಡತೋಳಿನ ನಡುವಿನ ಸುತ್ತಳತೆಯು ೧೨.೫ ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರಪಡಬೇಕು, ೧೧.೫ಕ್ಕಿಂತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿಯೇ ಮಾಡತಕ್ಕ ಇನ್ನೊಂದು ಪರೀಕ್ಷೆ ಉಂಟು. ಮಗುವಿನ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂರು ಎಣಿಸಿ ಬಿಡಿರಿ. ಎರಡು ಪಾದಗಳಲ್ಲಿಯೂ ಕುಳಿ ಹಾಗೆಯೇ ಉಳಿದರೆ ಅದು ಕೊಬ್ಬಲ್ಲ, ಬಾವು. ಮಗು ಮೈತುಂಬಿಕೊಂಡಿತೆಂದು ಮೋಸಹೋಗಬೇಡಿರಿ. ಅದೇ ದಿವಸ ಆಸ್ಪತ್ರೆಗೆ ಹೋಗಿರಿ.

೪. ಮನಸ್ಸಿನ ವಿಷಯ

ನಡೆಯಬಲ್ಲವನು ಎತ್ತಿಕೋ ಎನ್ನುವದು, ಮಾತಾಡಬಲ್ಲವನು ಕೂಸಿನಂತೆ ತೊದಲುವದು, ಬಿಟ್ಟಿದ್ದ ಹಾಸಿಗೆಯೊದ್ದೆ ತಿರಿಗಿ ಬರುವದು, ಬೆರಳು ಚೀಪುವದು, ಹೊಡೆಯುವದು, ಇವೆಲ್ಲಾ ಹೊಸ ಕೂಸು ಬಂದ ಮನೆಯಲ್ಲಿ ಸಾಮಾನ್ಯವಾಗಿ ನಡೆಯುತ್ತವೆ. ಇದು ಕೆಟ್ಟತನವಲ್ಲ. ಮಗುವು ತನಗೆ ಬರುವ ಒಂದೇ ಭಾಷೆಯಿಂದ, ನಾನಿನ್ನೂ ನಿಮ್ಮವನೋ, ಎಂದು ಕೇಳುತ್ತದೆ. ಅದಕ್ಕೆ ಏಟಿನಿಂದ ಉತ್ತರ ಕೊಟ್ಟರೆ ಅದು ಹೆದರಿದ್ದೇ ನಿಜವಾಯಿತು.

ಹಾಗಾದರೆ ಏನು ಮಾಡತಕ್ಕದ್ದು? ಹೆರಿಗೆಗೆ ಮುಂಚೆಯೇ ಮಗುವಿಗೆ ಹೇಳಿರಿ. ಅವ್ವ ಅಜ್ಜಿಯ ಮನೆಗೆ ಹೋಗಿ ಕೂಸಿನೊಂದಿಗೆ ಬರುವಳೆಂದು ತಿಳಿದ ಮಗುವಿಗೂ, ಬೆಳಿಗ್ಗೆ ಎದ್ದು ಅವ್ವ ಇಲ್ಲದ್ದನ್ನು ಕಂಡ ಮಗುವಿಗೂ ಬಹಳ ಅಂತರವದೆ. ಆಗುವದಾದರೆ ತವರಿಗೆ ಹೋಗುವಾಗ ಅದನ್ನು ಸಂಗಡ ಕರಕೊಂಡು ಹೋಗಿರಿ. ತಿರಿಗಿ ಬಂದ ದಿವಸ ಕೂಸನ್ನು ಬೇರೆಯವರ ಕೈಗೆ ಕೊಟ್ಟು, ಎರಡು ಕೈಗಳೂ ಖಾಲಿಯಾಗಿರುವಾಗ ಮೊದಲು ಆ ಮಗುವನ್ನು ಅಪ್ಪಿಕೊಳ್ಳಿರಿ. ಕೂಸಿಗೆ ಹಾಲೂಡುವಾಗ ಮಗುವನ್ನು ಅಟ್ಟಬೇಡಿರಿ. ಮಗ್ಗುಲಲ್ಲಿ ಕೂತು ಕಥೆ ಕೇಳಲಿ.

ತಂದೆಗಳೇ, ಈ ಮಾತು ವಿಶೇಷವಾಗಿ ನಿಮಗೆ. ಹಾಲೂಡುವದು ನಿಮ್ಮಿಂದಾಗದು, ಆದರೆ ಇಳಿದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುವದು ನಿಮ್ಮಿಂದಾಗುವದು. ಸಂಜೆಯಲ್ಲಿ ಕಟ್ಟೆಯ ಮೇಲಿನ ಮಾತುಕಥೆಗೆ ಮುಂಚೆ ಕಾಲು ತಾಸು ಅದರ ಸಂಗಡ ಇರ್ರಿ. ಅದಕ್ಕೆ ಮೈತೊಳೆಯಿರಿ, ತುತ್ತುಮಾಡಿ ತಿನ್ನಿಸಿರಿ, ರಾತ್ರಿ ನಿಮ್ಮ ಮಗ್ಗುಲಲ್ಲಿ ಮಲಗಿಸಿಕೊಳ್ಳಿರಿ. ಅವ್ವನ ಮಡಿಲಿನಿಂದ ಇಳಿದ ಮಗು ನೆಲಕ್ಕೆ ಬೀಳದೆ ಅಪ್ಪನ ಹೆಗಲಿಗೆ ಏರಿದರೆ ಮನೆಯ ಅರ್ಧ ಕಷ್ಟ ತೀರಿತು.

ತಿಪ್ಪೆಯಿಂದ ತಂದದ್ದೆಂಬ ಹಾಸ್ಯವನ್ನು ಬಿಟ್ಟುಬಿಡಿರಿ. ದೊಡ್ಡವರಿಗೆ ಅದು ನಗೆ, ಮಗುವಿಗೆ ಅದು ಸುದ್ದಿ. ಅವ್ವಾ, ಈ ಕೂಸು ಬೇಡ, ಸಂತೆಯಲ್ಲಿ ಕೊಟ್ಟು ಬಾ, ಎಂದು ಮಗು ಹೇಳಿದರೆ ಬೈಯಬೇಡಿರಿ. ಹೌದಪ್ಪಾ, ಕೂಸು ಬಹಳ ಅಳುತ್ತದೆ, ನಿನಗೆ ಬೇಜಾರಾಯಿತು, ನನ್ನ ಹತ್ತಿರ ಬಾ, ಎಂದರೆ ಸಾಕು. ಬೇಜಾರನ್ನು ಬಾಯಿಂದ ಹೇಳಬಲ್ಲ ಮಗುವಿಗೆ ಕೈಯಿಂದ ಚಿವುಟುವ ಅಗತ್ಯವು ಕಡಿಮೆಯಾಗುವದು. ಆದಾಗ್ಯೂ ಕೂಸನ್ನೂ ಸಣ್ಣ ಮಗುವನ್ನೂ ಇಬ್ಬರನ್ನೇ ಬಿಟ್ಟು ನೀರಿಗೆ ಹೋಗಬೇಡಿರಿ. ದ್ವೇಷದಿಂದಲ್ಲ, ಪ್ರೀತಿಯಿಂದಲೇ ಅದು ಕೂಸಿನ ಬಾಯಲ್ಲಿ ಕಡಲೆಕಾಳನ್ನು ಇಟ್ಟೀತು, ಮುಖದ ಮೇಲೆ ಕೌದಿ ಹೊದಿಸೀತು.

೫. ಅಕ್ಕನ ಭಾರ

ಹೊಳೆಯ ದಡದಲ್ಲಿ ನಿಂತ ಹುಡುಗಿಯ ಕಡೆಗೆ ತಿರಿಗಿ ನೋಡೋಣ. ಅವಳು ಮಾಡಿದ್ದೇನು? ದೂರದಲ್ಲಿ ನಿಂತು ನೋಡಿದಳು. ಸಮಯ ಬಂದಾಗ ಧೈರ್ಯದಿಂದ ಅರಸನ ಮಗಳೊಂದಿಗೆ ಮಾತಾಡಿದಳು. ಆಮೇಲೆ ಓಡಿಹೋಗಿ ತಾಯಿಯನ್ನೇ ಕರಕೊಂಡು ಬಂದಳು. ಕೂಸನ್ನು ಸಾಕುವ ಭಾರವು ಅವಳದಾಗಲಿಲ್ಲ, ತಾಯಿಯದೇ ಆಯಿತು. ಹಿರೀ ಮಗಳಿಗೆ ಕೊಡತಕ್ಕ ಕೆಲಸಕ್ಕೆ ಇದೇ ಅಳತೆ. ತೊಟ್ಟಿಲು ತೂಗಲಿ, ಬಟ್ಟೆ ತಂದುಕೊಡಲಿ, ಜೋಗುಳ ಹಾಡಲಿ. ಇವುಗಳಿಂದ ಅವಳ ಪ್ರೀತಿಯು ಬೆಳೆಯುವದು. ಆದರೆ ದಿನವೆಲ್ಲಾ ಕೂಸನ್ನು ಟೊಂಕದ ಮೇಲೆ ಹೊತ್ತು ಶಾಲೆಯನ್ನು ಕಳಕೊಳ್ಳುವದು ಸಹಾಯವಲ್ಲ. ಅವಳ ಬಾಲ್ಯವನ್ನು ಅಡವಿಟ್ಟು ಕೂಸನ್ನು ಸಾಕಿದ ಹಾಗಾಯಿತು. ೬ರಿಂದ ೧೪ ವರುಷದ ಪ್ರತಿ ಮಗುವಿಗೂ ಶಾಲೆಯು ಹಕ್ಕೆಂದು ೨೦೦೯ರಲ್ಲಿ ಕಾಯಿದೆಯಾಗಿ ೨೦೧೦ರಿಂದ ನಡೆಯುತ್ತಾ ಅದೆ. ಹುಡುಗನಾಗಿದ್ದರೆ ಶಾಲೆ ಬಿಡಿಸುತ್ತಿದ್ದೆವೋ ಎಂದು ಪ್ರತಿಯೊಬ್ಬ ತಂದೆಯೂ ತನ್ನನ್ನೇ ಕೇಳಿಕೊಳ್ಳಲಿ.

೬. ಮರೆತುಹೋಗುವ ಚುಚ್ಚುಮದ್ದು

ಹೊಸ ಕೂಸಿನ ಚುಚ್ಚುಮದ್ದಿನ ದಿನಗಳು ತಾಯಿಕಾರ್ಡಿನಲ್ಲಿ ಬರೆದಿರುತ್ತವೆ: ಹುಟ್ಟಿದಾಗ, ಆಮೇಲೆ ೬, ೧೦, ೧೪ನೇ ವಾರಗಳಲ್ಲಿ, ೯ ತಿಂಗಳು ತುಂಬಿದಾಗ. ಇವುಗಳನ್ನು ಆಶಾ ಕಾರ್ಯಕರ್ತೆಯು ನೆನಪುಮಾಡುವಳು. ಆದರೆ ಹಿರಿಯ ಮಕ್ಕಳಿಗೆ ೧೬ರಿಂದ ೨೪ ತಿಂಗಳಿನೊಳಗೆ ಒಂದು ಸಾರಿ, ೫ರಿಂದ ೬ ವರುಷದೊಳಗೆ ಇನ್ನೊಂದು ಸಾರಿ ತಿರಿಗಿ ಹಾಕಿಸಬೇಕಾದದ್ದು ಉಂಟು. ಹೊಸ ಕೂಸಿನ ಗಡಿಬಿಡಿಯಲ್ಲಿ ಮರೆತುಹೋಗುವದು ಇದೇ. ಇದರಿಂದ ಕೂಸಿಗೂ ಅಪಾಯವದೆ. ಹೇಗಂದರೆ, ನಾಯಿಕೆಮ್ಮಿನ ವಿರೋಧವಾದ ಮೊದಲನೆಯ ಚುಚ್ಚುಮದ್ದು ಕೂಸಿಗೆ ಆರನೇ ವಾರದಲ್ಲಿ ಮಾತ್ರ ಸಿಗುತ್ತದೆ. ಆ ರೋಗವು ಅನೇಕಸಾರಿ ಮನೆಯ ಅಣ್ಣ ಅಕ್ಕಂದಿರ ಮೂಲಕವೇ ತೊಟ್ಟಿಲಿಗೆ ಬರುವದು. ಕೆಮ್ಮುವ ಮಗುವು ಕೂಸಿನ ಮುಖಕ್ಕೆ ಮುದ್ದಿಡದಿರಲಿ. ಪಾದಕ್ಕೆ ಮುದ್ದಿಡು ಎಂದು ಕಲಿಸಿರಿ. ಸಾಬೂನಿನಿಂದ ಕೈತೊಳೆದು ಕೂಸನ್ನು ಮುಟ್ಟುವದು ದೊಡ್ಡವರಿಗೂ ಚಿಕ್ಕವರಿಗೂ ನಿಯಮವಾಗಲಿ.

ಇನ್ನೊಂದು ಮಾತನ್ನು ಗಂಡಹೆಂಡರು ಕೂಡಿ ಆಲೋಚಿಸಲಿ. ಒಂದು ಹೆರಿಗೆಯಾದ ಮೇಲೆ ಇನ್ನೊಂದು ಬಸುರಿಗೆ ಎರಡು ವರುಷವಾದರೂ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಬುದ್ಧಿ ಹೇಳುತ್ತಾರೆ. ಅದರಿಂದ ತಾಯಿಯ ಮೈ ಸುಧಾರಿಸುವದು, ಮಡಿಲಲ್ಲಿರುವ ಮಗುವಿಗೆ ತನ್ನ ಪಾಲಿನ ಹಾಲು ಪೂರ್ತಿಯಾಗಿ ಸಿಗುವದು. ಇದಕ್ಕೆ ಬೇಕಾದ ಸಹಾಯವು ಸರಕಾರೀ ಆರೋಗ್ಯ ಕೇಂದ್ರದಲ್ಲಿ ಉಂಟು, ಕೇಳುವದಕ್ಕೆ ನಾಚಿಕೆಪಡಬೇಕಾದದ್ದಿಲ್ಲ.

೭. ಕಡೇ ಮಾತು

ಮೂರು ವರುಷದ ಆರೋನನನ್ನು ಆ ದಿವಸ ಯಾರು ನೋಡಿಕೊಂಡರೋ, ನಾವರಿಯೆವು. ಆದರೆ ಯಾರೋ ನೋಡಿಕೊಂಡಿರಬೇಕು. ಯಾಕಂದರೆ ಬಹಳ ವರುಷಗಳಾದ ಮೇಲೆ ಅರಣ್ಯದಲ್ಲಿ ಅಣ್ಣತಮ್ಮಂದಿರು ಎದುರುಗೊಂಡಾಗ ಆರೋನನ ಹೃದಯದಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅವನು ತಮ್ಮನಿಗೆ ಮುದ್ದಿಟ್ಟನು. ಮಾತಾಡಲು ಅಂಜುತ್ತಿದ್ದ ತಮ್ಮನಿಗೆ ಅವನೇ ಬಾಯಾದನು. ಪೆಟ್ಟಿಗೆಯಲ್ಲಿದ್ದ ಕೂಸಿಗೆ ಮುಂದೆ ಬೇಕಾದದ್ದು, ಅಂದು ಯಾರ ಕಣ್ಣಿಗೂ ಬೀಳದಿದ್ದ ಆ ಹುಡುಗನೇ.

ನಿಮ್ಮ ಮನೆಯ ಹೊಸ ಕೂಸಿಗೂ ಹಾಗೆಯೇ. ನೀವು ಮುದುಕರಾಗಿ ಹೋದ ಮೇಲೆ ಅದಕ್ಕೆ ಉಳಿಯುವವರು ಅದರ ಅಣ್ಣನೂ ಅಕ್ಕನೂ. ಆದಕಾರಣ ತೊಟ್ಟಿಲನ್ನು ನೋಡಲು ಬಂದವರು ಮೊದಲು ಹೊಸ್ತಿಲ ಮೇಲೆ ಕೂತಿರುವ ಮಗುವನ್ನು ಮಾತಾಡಿಸಿ, ಆಮೇಲೆ ತೊಟ್ಟಿಲಿಗೆ ಬೊಗ್ಗಲಿ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ನಿನ್ನೆ ನಿಮ್ಮ ಮನೆಯ ಎರಡನೆಯ ಸಣ್ಣ ಮಗು ಎಷ್ಟು ಸಾರಿ ತಿಂದಿತು? ಏನೇನು ತಿಂದಿತು? ಸಂಶಯವಿಲ್ಲದೆ ಹೇಳಬಲ್ಲವರು ಯಾರು?

೨. ಆ ಮಗುವಿನ ಪಾದಗಳನ್ನು ಒತ್ತಿ ನೋಡಿದ್ದೀರೋ? ತೋಳನ್ನು ಅಳೆಯಿಸಿ ಎಷ್ಟು ದಿವಸವಾಯಿತು?

೩. ಈ ವಾರದಲ್ಲಿ ತಂದೆಯು ಅದರ ಸಂಗಡ ಎಷ್ಟು ಹೊತ್ತು ಕಳೆದನು?

೪. ಹಿರೀ ಮಗಳು ಈ ತಿಂಗಳು ಎಷ್ಟು ದಿವಸ ಶಾಲೆ ಬಿಟ್ಟಳು? ಯಾವ ಕಾರಣದಿಂದ?

೫. ನೆರೆಯ ಮನೆಯಲ್ಲಿ ಕೂಸು ಹುಟ್ಟಿದರೆ, ಆ ಮನೆಯ ದೊಡ್ಡ ಮಕ್ಕಳಿಗಾಗಿ ನಾವು ಮಾಡಬಹುದಾದ ಒಂದು ಸಹಾಯ ಯಾವದು?